ಮೊದಲ ಉಪ್ಪುನೀರಿನ ಅಕ್ವೇರಿಯಂ: ತೊಂದರೆ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಹೇಗೆ

ಉಪ್ಪುನೀರಿನ ಟ್ಯಾಂಕಿನಲ್ಲಿ ಏನೋ ಸರಿಯಿಲ್ಲ ಅನಿಸಿದ ಕೂಡಲೇ ಕೈ ಹೋಗುವುದು ಬಾಟಲಿಯ ಕಡೆಗೆ. ನೀರು ಮಬ್ಬಾದರೆ ಒಂದು ಬಾಟಲಿ, ಪಾಚಿ ಬಂದರೆ ಇನ್ನೊಂದು, ಪಿಎಚ್ ಇಳಿದರೆ ಮತ್ತೊಂದು. ದಯವಿಟ್ಟು ಆ ಬಾಟಲಿಯನ್ನು ಇದ್ದಲ್ಲೇ ಇಡಿ. ಮೊದಲ ಕೆಲವು ತಿಂಗಳಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಉಪ್ಪಿನ ಅಳತೆ ತಪ್ಪಿದ್ದರಿಂದ ಬರುತ್ತವೆ, ಇಲ್ಲವೇ ಮೀನಿನ ಕಸವನ್ನು ಅರಗಿಸುವ ಬ್ಯಾಕ್ಟೀರಿಯಾ ಇನ್ನೂ ಸಾಕಷ್ಟು ಬೆಳೆಯದೆ ಇರುವುದರಿಂದ. ಕೆಲವು ಸಲ ಟ್ಯಾಂಕಿಗೆ ಏನೂ ಆಗಿರುವುದೇ ಇಲ್ಲ, ಅಳೆಯುವ ಸಾಧನವೇ ತಪ್ಪು ತೋರಿಸುತ್ತಿರುತ್ತದೆ. ಇದ್ಯಾವುದಕ್ಕೂ ಬಾಟಲಿಯಲ್ಲಿ ಉತ್ತರವಿಲ್ಲ.

ಮೊದಲು ಅಳೆಯಿರಿ. ಆ ಅಳತೆ ನಿಜವೇ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ ಕಾಯಿರಿ. ಒಂದೇ ದಿನ ನೀರೂ ಬದಲಿಸಿ, ಔಷಧಿಯೂ ಹಾಕಿ, ದೀಪದ ಹೊತ್ತೂ ಕಡಿಮೆ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಹೇಳೋದು ಹೇಗೆ? ಟ್ಯಾಂಕಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಉಷ್ಣತೆ, ಸಲಿನಿಟಿ (ನೀರಿನಲ್ಲಿ ಉಪ್ಪು ಎಷ್ಟಿದೆ ಅನ್ನುವ ಅಳತೆ), ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಆ ದಿನ ಏನು ಮಾಡಿದಿರಿ, ಇಷ್ಟನ್ನು ಬರೆಯಿರಿ. ಒಂದು ದಿನದ ಅಂಕಿಯಿಂದ ಏನೂ ಗೊತ್ತಾಗದಿದ್ದರೂ ಸಾಲಾಗಿ ಹತ್ತು ಅಂಕಿ ಕಣ್ಣ ಮುಂದೆ ಇದ್ದರೆ ದಾರಿ ತಾನಾಗಿ ಕಾಣುತ್ತದೆ.

ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ

ಇದೊಂದಕ್ಕೆ ಮಾತ್ರ ಕಾಯುವ ಹಾಗಿಲ್ಲ. ಮಿಕ್ಕಿದ್ದನ್ನೆಲ್ಲ ಬಿಟ್ಟು ಮೊದಲು ಗಾಳಿ ಕೊಡಿ. ಟ್ಯಾಂಕಿನ ನೀರನ್ನು ಓಡಾಡಿಸುವ ಪಂಪ್ ಆದ ವೇವ್‌ಮೇಕರ್‌ನ ಮೂತಿಯನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಚೆನ್ನಾಗಿ ಕದಡಲಿ. ಏರ್ ಪಂಪ್ ಇದ್ದರೆ ಅದನ್ನೂ ಹಾಕಿ. ಸಿಹಿನೀರಿಗೆ ಹೋಲಿಸಿದರೆ ಸಮುದ್ರದ ನೀರಿನಲ್ಲಿ ಆಮ್ಲಜನಕ ಕರಗುವುದು ಸುಮಾರು ಐದನೇ ಒಂದು ಭಾಗ ಕಡಿಮೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಇಳಿಯುತ್ತದೆ. ಸಿಹಿನೀರಿನ ಮೀನು ಸಾಕಿ ರೂಢಿಯಾದವರಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ. ಅಲ್ಲಿ ಸಾಕಾಗುತ್ತಿದ್ದ ಸಣ್ಣ ಫಿಲ್ಟರ್ ಇಲ್ಲಿ ಸಾಲುವುದಿಲ್ಲ.

ಗಾಳಿ ಕೊಟ್ಟ ಮೇಲೆ ಕಾರಣ ಹುಡುಕಿ. ಎಲ್ಲ ಮೀನೂ ಒಟ್ಟಿಗೆ ಹೀಗೆ ಮಾಡುತ್ತಿದ್ದರೆ ತೊಂದರೆ ನೀರಿನಲ್ಲಿದೆ. ಒಂದೇ ಮೀನು ಮಾಡುತ್ತಿದ್ದರೆ ಅದಕ್ಕೆ ರೋಗ ತಗುಲಿರಬಹುದು, ಇಲ್ಲವೇ ಇನ್ನೊಂದು ಮೀನು ಅಟ್ಟಾಡಿಸುತ್ತಿರಬಹುದು. ಥರ್ಮಾಮೀಟರ್ ನೋಡಿ. 24ರಿಂದ 27 ಡಿಗ್ರಿ ಸೆಲ್ಸಿಯಸ್ ಸರಿಯಾದ ಮಟ್ಟ. 30 ದಾಟಿದ್ದರೆ ಹೀಟರ್‌ನ ಥರ್ಮೋಸ್ಟಾಟ್ ಅಂಟಿಕೊಂಡು ಸದಾ ಉರಿಯುತ್ತಿರಬಹುದು. ಅದನ್ನು ಪ್ಲಗ್‌ನಿಂದ ತೆಗೆದು, ನೀರಿನ ಮೇಲೆ ಫ್ಯಾನ್ ತಿರುಗಿಸಿ. ಆವಿಯಾಗುವಾಗ ನೀರು ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. ಐಸ್ ಗಡ್ಡೆಯನ್ನು ನೇರವಾಗಿ ಟ್ಯಾಂಕಿಗೆ ಹಾಕಬೇಡಿ. ಅದು ಕರಗಿದರೆ ಸಿಹಿನೀರು, ಸಲಿನಿಟಿ ಇಳಿಯುತ್ತದೆ.

ಉಷ್ಣತೆ ಸರಿಯಿದ್ದರೆ ಅಮೋನಿಯಾ ನೋಡಿ. ಅದೂ ಸೊನ್ನೆ ಇದ್ದರೆ ನೀರಿನ ಮೇಲೆ ಎಣ್ಣೆಯಂಥ ಪದರ ಕಟ್ಟಿದೆಯಾ ಅಂತ ಬದಿಯಿಂದ ಬಾಗಿ ನೋಡಿ. ಆ ಪದರ ಗಾಳಿ ಒಳಗೆ ಹೋಗುವುದನ್ನು ತಡೆಯುತ್ತದೆ. ಅಡುಗೆಮನೆಯಲ್ಲಿ ಒರೆಸಲು ಬಳಸುವ ಟಿಶ್ಯೂ ಕಾಗದದ ಹಾಳೆಯನ್ನು ಮೇಲ್ಮೈ ಮೇಲೆ ಒಂದು ಕ್ಷಣ ಹಾಸಿ ಎತ್ತಿದರೆ ಪದರ ಅದಕ್ಕೆ ಅಂಟಿಕೊಂಡು ಬರುತ್ತದೆ.

ಸಲಿನಿಟಿ: ಎಲ್ಲದಕ್ಕೂ ಮೊದಲು ಇದನ್ನು ನಂಬುವಂತೆ ಮಾಡಿಕೊಳ್ಳಿ

ಸಮುದ್ರದ ನೀರಿನಲ್ಲಿ ಸಾಮಾನ್ಯವಾಗಿ 1000 ಗ್ರಾಂಗೆ 35 ಗ್ರಾಂ ಉಪ್ಪು ಇರುತ್ತದೆ. ಇದನ್ನೇ 35 ಪಿಪಿಟಿ ಅನ್ನುತ್ತೇವೆ. 25 ಡಿಗ್ರಿಯಲ್ಲಿ ಅದರ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ದಟ್ಟ ಅನ್ನುವುದು) 1.026ರ ಆಸುಪಾಸು. ಹವಳ ಇಡುವವರು ಇದೇ ಮಟ್ಟ ಕಾಯ್ದುಕೊಳ್ಳಬೇಕು. ಬರೀ ಮೀನು ಇದ್ದರೆ ಸ್ವಲ್ಪ ಕೆಳಗೆ ಇದ್ದರೂ ನಡೆಯುತ್ತದೆ, ಆದರೆ ದಿನದಿಂದ ದಿನಕ್ಕೆ ಏರುಪೇರಾಗಬಾರದು.

ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬಳಸುತ್ತಿದ್ದರೆ ಅದರ ಮುಳ್ಳನ್ನು ಹತ್ತಿರದಿಂದ ನೋಡಿ. ಸಣ್ಣ ಗಾಳಿ ಗುಳ್ಳೆ ಅಂಟಿದ್ದರೆ ಮುಳ್ಳು ಮೇಲಕ್ಕೇಳುತ್ತದೆ, ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಳೆಯ ಉಪ್ಪು ಒಣಗಿ ಕಟ್ಟಿದ್ದರೆ ಮುಳ್ಳು ಭಾರವಾಗಿ ಕಡಿಮೆ ತೋರಿಸುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ, ಪ್ರತಿ ಸಲ ಬಳಸಿದ ಮೇಲೆ ಶುದ್ಧ ನೀರಿನಲ್ಲಿ ತೊಳೆದಿಡಿ.

ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ) ಇದ್ದರೆ ಒಳ್ಳೆಯದು. ಆದರೆ ಅದನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡುವುದು ಸಾಲದು. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ರಿಫ್ರಾಕ್ಟೋಮೀಟರ್‌ಗಳು ಅಡುಗೆ ಉಪ್ಪಿನ ದ್ರಾವಣಕ್ಕಾಗಿ ಮಾಡಿದವು. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲವೂ ಇರುವುದರಿಂದ ಬೆಳಕು ಬಾಗುವ ಲೆಕ್ಕ ಬೇರೆ. ಇಂಥ ಸಾಧನ ಸೊನ್ನೆಯಲ್ಲಿ ಸರಿಯಾಗಿದ್ದರೂ 35 ಇರುವ ನೀರನ್ನು 36.5 ಅಂತ ತೋರಿಸುತ್ತದೆ. ಅದಕ್ಕೇ 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರವವನ್ನೇ ಬಳಸಿ. ಗಾಜಿನ ಮೇಲೆ ಎರಡು ಹನಿ ಬಿಡಿ, ಮುಚ್ಚಳ ಹಾಕಿ, ಗುಳ್ಳೆ ಇಲ್ಲದಂತೆ ಹರಡಿದೆಯಾ ನೋಡಿ. ಅರ್ಧ ನಿಮಿಷ ಸುಮ್ನೆ ಬಿಡಿ, ಹನಿಗೂ ಗಾಜಿಗೂ ಒಂದೇ ಉಷ್ಣತೆ ಬರಲಿ. ಆಮೇಲೆ ಬೆಳಕಿನ ಕಡೆ ಹಿಡಿದು, ನೀಲಿ ಮತ್ತು ಬಿಳಿ ಸೇರುವ ಗೆರೆ 35ರ ಮೇಲೆ ಕೂರುವ ತನಕ ಸಣ್ಣ ತಿರುಪು ತಿರುಗಿಸಿ. ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಿ. ನನ್ನನ್ನು ಕೇಳಿದರೆ, ಹೊಸಬರು ದುಬಾರಿ ದೀಪಕ್ಕಿಂತ ಮೊದಲು ತಂದಿಡಬೇಕಾದದ್ದು ಈ ಪುಟ್ಟ ಬಾಟಲಿಯ ದ್ರವವನ್ನು.

ಅಳತೆ ನಿಜ ಅಂತ ಆದ ಮೇಲೂ ಸಲಿನಿಟಿ ದಿನೇ ದಿನೇ ಏರುತ್ತಿದೆಯೇ? ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 35 ಪಿಪಿಟಿ ಇರುವ 100 ಲೀಟರ್ ನೀರಿನಲ್ಲಿ 5 ಲೀಟರ್ ಆವಿಯಾದರೆ ಉಳಿದ ನೀರು 36.8ಕ್ಕೆ ಬರುತ್ತದೆ. ಹಾಗಾಗಿ ಕಡಿಮೆಯಾದ ನೀರನ್ನು ಸಿಹಿ ಆರ್‌ಒ ನೀರಿನಿಂದಲೇ ತುಂಬಬೇಕು. ಉಪ್ಪುನೀರು ತುಂಬುತ್ತಾ ಹೋದರೆ ಪ್ರತಿ ವಾರ ಉಪ್ಪು ಸೇರುತ್ತಲೇ ಇರುತ್ತದೆ. ಮೀನು ಹೊಟ್ಟೆ ತುಂಬ ತಿನ್ನದೆ ಮಂಕಾಗುತ್ತವೆ, ಬಸವನಹುಳುಗಳು ಚಿಪ್ಪಿನೊಳಗೆ ಸೇರಿಕೊಳ್ಳುತ್ತವೆ.

ತದ್ವಿರುದ್ಧವಾಗಿ ಸಲಿನಿಟಿ ಇಳಿಯುತ್ತಿದ್ದರೆ, ಆವಿಯಾದಷ್ಟು ಸಿಹಿನೀರನ್ನು ತಾನಾಗಿ ತುಂಬುವ ಆಟೋ ಟಾಪ್-ಅಪ್‌ನ ಫ್ಲೋಟ್ ಸಿಕ್ಕಿಕೊಂಡಿರಬಹುದು. ನೊರೆಯ ಮೂಲಕ ಕಸ ತೆಗೆಯುವ ಸ್ಕಿಮ್ಮರ್ ಜಾಸ್ತಿ ನೀರನ್ನೇ ಕಪ್‌ಗೆ ತಳ್ಳುತ್ತಿರಬಹುದು. ಎಲ್ಲಾದರೂ ಹನಿ ಹನಿಯಾಗಿ ಸೋರುತ್ತಿರಲೂಬಹುದು. ಮೊದಲನೆಯದರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸಿಹಿನೀರು ಸೇರುತ್ತದೆ. ಉಳಿದೆರಡರಲ್ಲಿ ಉಪ್ಪು ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಸಿಹಿನೀರು ಬರುತ್ತದೆ.

ಸರಿಪಡಿಸುವಾಗ ಅವಸರ ಬೇಡ. 39ಕ್ಕೆ ಏರಿದ 100 ಲೀಟರ್ ನೀರನ್ನು 35ಕ್ಕೆ ತರಲು ಒಟ್ಟು 10 ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕಿದರೆ ಸಾಕು. ಅದನ್ನು ಮೂರು ನಾಲ್ಕು ದಿನಕ್ಕೆ ಹಂಚಿ. ಇಳಿಸುವುದಕ್ಕಿಂತ ಏರಿಸುವಾಗ ಇನ್ನೂ ನಿಧಾನ ಬೇಕು. ಉಪ್ಪಿನ ಪುಡಿಯನ್ನು ಮಾತ್ರ ಎಂದಿಗೂ ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಟಾಪ್-ಅಪ್ ನೀರಿಗೆ ಬದಲಾಗಿ ಕೆಲವು ದಿನ ಉಪ್ಪುನೀರು ತುಂಬಿದರೆ ಅದು ತಾನಾಗಿ ಏರುತ್ತದೆ.

ಸೈಕಲ್ ಮುಂದೆ ಹೋಗುತ್ತಿಲ್ಲ

ಮೀನಿನ ಕಸದಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದನ್ನೇ ಸೈಕಲ್ ಅನ್ನುತ್ತೇವೆ. ಒಣ ಕಲ್ಲಿನಿಂದ ಶುರು ಮಾಡಿದ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಎರಡನೇ ವಾರದಲ್ಲೇ ‘ನಿಂತುಹೋಗಿದೆ’ ಅಂದುಕೊಳ್ಳಬೇಡಿ.

ಈ ಅವಧಿಯಲ್ಲಿ ಮೀನು ಬೇಡವೇ ಬೇಡ. ಗಟ್ಟಿ ಮೀನು ಅಂತ ಡ್ಯಾಮ್ಸೆಲ್ ಬಿಟ್ಟು ಸೈಕಲ್ ಮಾಡುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಅದು ಆ ಮೀನಿಗೆ ಹಿಂಸೆ. ಬದುಕಿ ಉಳಿದರೆ ಆಮೇಲೆ ಬರುವ ಪ್ರತಿ ಮೀನನ್ನೂ ಅದು ಕಚ್ಚಿ ಓಡಿಸುತ್ತದೆ. ಅಮೋನಿಯಾ ದ್ರಾವಣವನ್ನೇ ಹನಿ ಹನಿಯಾಗಿ ಹಾಕಿ 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎರಡು ಭಾಗ) ತಂದರೆ ಸಾಕು. ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ತಡವೇ ಆಗುತ್ತದೆ. ಲೆಕ್ಕ ಹಾಕುವಾಗ ಒಂದು ಮಾತು ನೆನಪಿರಲಿ: 100 ಲೀಟರ್ ಟ್ಯಾಂಕಿನಲ್ಲಿ ಕಲ್ಲು, ಮರಳು ಹಾಕಿದ ಮೇಲೆ 100 ಲೀಟರ್ ನೀರು ಹಿಡಿಯುವುದಿಲ್ಲ.

ಈಗ ಪತ್ತೆ ಹಚ್ಚುವ ಕೆಲಸ. ಅಮೋನಿಯಾ ಎರಡು ವಾರವಾದರೂ ಒಂದಿಷ್ಟೂ ಇಳಿದಿಲ್ಲ, ನೈಟ್ರೈಟ್ ಸೊನ್ನೆಯಲ್ಲೇ ಇದೆ ಅಂದರೆ ಬ್ಯಾಕ್ಟೀರಿಯಾ ಇನ್ನೂ ನೆಲೆ ನಿಂತಿಲ್ಲ. ನಲ್ಲಿ ನೀರು ಹಾಕಿದ್ದರೆ ಅದರ ಕ್ಲೋರಿನ್ ಇಲ್ಲವೇ ಕ್ಲೋರಮೈನ್ ಕೊಂದಿರಬಹುದು. ನೀರು ತೀರಾ ತಣ್ಣಗಿದ್ದರೂ ಅವು ನಿಧಾನ. ಯುವಿ ದೀಪ (ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ನೇರಳಾತೀತ ದೀಪ) ಹಾಕಿದ್ದರೆ ಆರಿಸಿ, ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿ ನೋಡಿ. ಬಾಟಲಿ ವಿಷಯದಲ್ಲಿ ಇಷ್ಟು ಹೇಳಿದ ಮೇಲೂ ಇದೊಂದನ್ನು ನಾನು ಒಪ್ಪುತ್ತೇನೆ. ಅವಧಿ ಮುಗಿದಿರಬಾರದು ಅಷ್ಟೇ. ಇನ್ನೂ ಒಳ್ಳೆಯದು, ರೋಗವಿಲ್ಲದ ಹಳೆಯ ಟ್ಯಾಂಕಿನಿಂದ ಒಂದು ತುಂಡು ಲೈವ್ ರಾಕ್, ಅಂದರೆ ಬ್ಯಾಕ್ಟೀರಿಯಾ ಈಗಾಗಲೇ ನೆಲೆಸಿರುವ ಕಲ್ಲು.

ಅಮೋನಿಯಾ ಸೊನ್ನೆಯಾಗಿ ನೈಟ್ರೈಟ್ ಮಾತ್ರ ಮೇಲೇ ನಿಂತಿದ್ದರೆ ಕೆಟ್ಟದ್ದೇನಲ್ಲ. ಎರಡನೇ ಬಗೆಯ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಇಲ್ಲಿ ಟೆಸ್ಟ್ ಕಿಟ್ ಇನ್ನೊಂದು ಗೊಂದಲ ಮಾಡುತ್ತದೆ. ನೈಟ್ರೇಟ್ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡು ಆಮೇಲೆ ಬಣ್ಣ ತೋರಿಸುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ನೈಟ್ರೇಟ್ ಬಹಳ ಜಾಸ್ತಿ ಇದ್ದಂತೆ ಕಾಣುತ್ತದೆ. ಸೈಕಲ್ ಮುಗಿಯುವ ತನಕ ಆ ಅಂಕಿಯನ್ನು ನಂಬಬೇಡಿ. ನೈಟ್ರೈಟ್ ಬಣ್ಣ ಚಾರ್ಟಿನ ಕೊನೆಗೇ ಹೋಗಿ ನಿಂತಿದ್ದರೆ ಟ್ಯಾಂಕಿನ ನೀರು 1 ಮಿಲಿ, ಆರ್‌ಒ ನೀರು 9 ಮಿಲಿ ಬೆರೆಸಿ ಅಳೆದು, ಬಂದದ್ದನ್ನು 10ರಿಂದ ಗುಣಿಸಿ. ಆಗ ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನೂ ಒಂದು ಸಾಮಾನ್ಯ ದೂರು: ತಿಂಗಳುಗಳಾದರೂ ಅಮೋನಿಯಾ 0.25ರಿಂದ ಕೆಳಗೆ ಬರುತ್ತಿಲ್ಲ. ಹಳದಿಗೂ ತಿಳಿ ಹಸಿರಿಗೂ ನಡುವಿನ ಆ ಬಣ್ಣ ಮನೆಯ ಹಳದಿ ದೀಪದಡಿ ಮೋಸ ಮಾಡುತ್ತದೆ. ಹೊಸದಾಗಿ ಕಲಸಿದ ಉಪ್ಪುನೀರನ್ನೂ ಅದೇ ಕಿಟ್‌ನಲ್ಲಿ ಪರೀಕ್ಷಿಸಿ. ಎರಡು ಟ್ಯೂಬನ್ನೂ ಹಗಲು ಬೆಳಕಿನಲ್ಲಿ ಬಿಳಿ ಕಾಗದದ ಮುಂದೆ ಅಕ್ಕಪಕ್ಕ ಹಿಡಿಯಿರಿ. ಎರಡೂ ಒಂದೇ ಬಣ್ಣ ಇದ್ದರೆ ನಿಮ್ಮ ಟ್ಯಾಂಕಿನಲ್ಲಿ ಅಮೋನಿಯಾ ಉಳಿಯುತ್ತಿಲ್ಲ ಅಂತ ಅರ್ಥ. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ಮರುದಿನ ಬಂದ ಅಂಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಅಂಥ ಕೆಲವು ದ್ರಾವಣಗಳು ಅಮೋನಿಯಾವನ್ನು ಕಟ್ಟಿಹಾಕಿದರೂ ಕಿಟ್ ಅದನ್ನು ತೋರಿಸುತ್ತಲೇ ಇರುತ್ತದೆ.

ಮೀನು ಇರುವ ಟ್ಯಾಂಕಿನಲ್ಲಿ ಅಮೋನಿಯಾ ನಿಜವಾಗಿ ಏರಿದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷದ ರೂಪ ಜಾಸ್ತಿ. ಉಪ್ಪುನೀರಿನ ಪಿಎಚ್ 8.2ರ ಸುತ್ತ ಇರುವುದರಿಂದ, ಪಿಎಚ್ 7 ಇರುವ ಸಿಹಿನೀರಿನ ಟ್ಯಾಂಕಿನಲ್ಲಿ ಮೀನು ತಡೆದುಕೊಳ್ಳುವ ಅದೇ ಅಂಕಿ ಇಲ್ಲಿ ಕೊಲ್ಲಬಲ್ಲದು. ಆಹಾರ ನಿಲ್ಲಿಸಿ, ಅದೇ ಸಲಿನಿಟಿ, ಅದೇ ಉಷ್ಣತೆಯ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಕಲ್ಲಿನ ಸಂದಿಯಲ್ಲಿ ಏನಾದರೂ ಸತ್ತು ಬಿದ್ದಿದೆಯಾ ಹುಡುಕಿ. ನೈಟ್ರೈಟ್ ವಿಷಯ ಇದಕ್ಕೆ ವಿರುದ್ಧ. ಉಪ್ಪುನೀರಿನಲ್ಲಿ ಕ್ಲೋರೈಡ್ ತುಂಬ ಇರುವುದರಿಂದ ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗುವುದು ಕಷ್ಟ. ಸಿಹಿನೀರಿನಲ್ಲಿ ಮಾಡುವಷ್ಟು ಹಾನಿ ಇಲ್ಲಿ ಮಾಡುವುದಿಲ್ಲ.

ಮುಗಿಯಿತು ಅಂತ ಯಾವಾಗ ಹೇಳುವುದು? 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ. ಆಮೇಲೆ ದೊಡ್ಡದೊಂದು ನೀರಿನ ಬದಲಾವಣೆ, ಆಮೇಲೆ ಒಂದೋ ಎರಡೋ ಮೀನು. ಹತ್ತಲ್ಲ.

ನೀರು ಮಬ್ಬಾಗಿದೆ

ಮರಳು ಹಾಕಿದ ಮೊದಲ ಎರಡು ಮೂರು ದಿನದ ಮಬ್ಬು ಬರೀ ದೂಳು, ತಾನಾಗಿ ಕೂರುತ್ತದೆ. ಅದು ತಿಳಿಯಾದ ಮೇಲೆ ಮತ್ತೆ ಬಿಳಿ ಮಬ್ಬು ಕವಿದರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿವೆ ಅಂತ. ಅದೂ ಹೋಗುತ್ತದೆ. ಅಲ್ಲಿಯವರೆಗೆ ಆಹಾರ ಕಡಿಮೆ ಮಾಡಿ, ಗಾಳಿ ಜಾಸ್ತಿ ಕೊಡಿ, ಏಕೆಂದರೆ ಅವು ಆಮ್ಲಜನಕ ತಿನ್ನುತ್ತವೆ. ಹಸಿರು ಮಬ್ಬು ನೀರಿನಲ್ಲಿ ತೇಲುವ ಪಾಚಿ, ಯುವಿ ದೀಪಕ್ಕೆ ಬಗ್ಗುತ್ತದೆ.

ಉಪ್ಪು ಕಲಸಿದ ಬಕೆಟ್ಟಿನಲ್ಲೇ ನೀರು ಬೆಳ್ಳಗೆ ನಿಂತು ತಿಳಿಯಾಗದಿದ್ದರೆ ಅದು ಬೇರೆ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ಉಪ್ಪು ದಟ್ಟವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಬೇರ್ಪಡುತ್ತದೆ, ಮತ್ತೆ ಕರಗುವುದಿಲ್ಲ. ಆ ಬಕೆಟ್ ನೀರಿನ ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ಶಕ್ತಿ) ಇಳಿದಿರುತ್ತದೆ. ಚೆಲ್ಲಿ ಹೊಸದು ಕಲಸಿ.

ಕಂದು, ಕೆಂಪು, ಹಸಿರು: ಯಾವ ಪಾಚಿ?

ಹೊಸ ಟ್ಯಾಂಕಿನಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಕಂದು ಬಣ್ಣ ಅಂದ ಕೂಡಲೇ ಎಲ್ಲವೂ ಒಂದೇ ಅಂದುಕೊಳ್ಳುತ್ತಾರೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗುತ್ತದೆ. ಬಣ್ಣ ನೋಡಬೇಡಿ, ಮುಟ್ಟಿ ನೋಡಿ.

ಮರಳಿನ ಮೇಲೆ, ಗಾಜಿನ ಮೇಲೆ ಕಂದು ಪುಡಿ ಉದುರಿಸಿದಂತಿದ್ದು, ಬೆರಳಾಡಿಸಿದರೆ ದೂಳಾಗಿ ಏಳುತ್ತಿದ್ದರೆ ಡಯಾಟಮ್, ಒಂದು ಬಗೆಯ ಸೂಕ್ಷ್ಮ ಪಾಚಿ. ಮೊದಲ ವಾರಗಳಲ್ಲಿ ಬಹುತೇಕ ಎಲ್ಲ ಟ್ಯಾಂಕಿನಲ್ಲೂ ಬರುತ್ತದೆ. ನೀರಿನ, ಮರಳಿನ ಸಿಲಿಕೇಟ್ ತಿಂದು ಬೆಳೆಯುತ್ತದೆ, ಅದು ಮುಗಿದರೆ ಹೋಗುತ್ತದೆ. ಏನೂ ಮಾಡಬೇಡಿ. ತಿಂಗಳುಗಳ ನಂತರವೂ ಇದ್ದರೆ ನಿಮ್ಮ ಆರ್‌ಒ ಘಟಕದ ಡಿಐ ರಾಳ (ನೀರಿನಲ್ಲಿ ಉಳಿದ ಸಿಲಿಕೇಟ್ ಮುಂತಾದವನ್ನು ಕೊನೆಯಲ್ಲಿ ಹಿಡಿಯುವ ಭಾಗ) ಮುಗಿದಿರಬಹುದು, ಬದಲಿಸಿ.

ಕೆಂಪು ಅಥವಾ ನೇರಳೆ ಬಣ್ಣದ ಲೋಳೆ ಪದರ, ಚಿವುಟಿ ಎಳೆದರೆ ಹಾಳೆ ಹಾಳೆಯಾಗಿ ಬಿಡಿಸಿಕೊಂಡು ಬಂದರೆ ಸಯನೋಬ್ಯಾಕ್ಟೀರಿಯಾ. ಹೆಸರೇ ಹೇಳುವಂತೆ ಅದು ಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆಯಲ್ಲಿ, ಕಸ ಕೂತಲ್ಲಿ ಹಬ್ಬುತ್ತದೆ. ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ, ಅದು ಇದ್ದ ಕಡೆಗೆ ವೇವ್‌ಮೇಕರ್ ತಿರುಗಿಸಿ, ಆಹಾರ ಕಡಿಮೆ ಮಾಡಿ.

ಮೂರನೆಯದು ಡೈನೋಫ್ಲಾಜೆಲೇಟ್ (ಒಂದೇ ಕೋಶದ ಜೀವಿ), ಚಿಕ್ಕದಾಗಿ ಡೈನೋ. ಕಂದು ಬಣ್ಣದ ಸಿಂಬಳದ ಹಾಗೆ ಎಳೆ ಎಳೆಯಾಗಿ ನೇತಾಡುತ್ತದೆ, ಎಳೆಗಳ ತುದಿಯಲ್ಲಿ ಗಾಳಿ ಗುಳ್ಳೆ ಸಿಕ್ಕಿರುತ್ತದೆ. ರಾತ್ರಿ ದೀಪ ಆರಿದ ಮೇಲೆ ಕಡಿಮೆಯಾಗಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ತುಂಬುತ್ತದೆ. ಅದನ್ನು ತಿಂದ ಬಸವನಹುಳು ಸಾಯುವುದೂ ಉಂಟು. ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಸ್ವಲ್ಪ ಲೋಳೆಯನ್ನು ಟ್ಯಾಂಕಿನ ನೀರಿನ ಜೊತೆ ಸಣ್ಣ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಸೋಸಿದ ತಿಳಿ ನೀರನ್ನು ಗಾಜಿನ ಲೋಟದಲ್ಲಿ ದೀಪದ ಕೆಳಗೆ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಅದು ಡೈನೋ. ಈ ಜೀವಿಗಳು ಒಂದೊಂದೇ ಕೋಶವಾಗಿ ಕಾಗದ ದಾಟಿ ಬಂದು ಮತ್ತೆ ಸೇರಿಕೊಳ್ಳುತ್ತವೆ. ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು, ಅವು ಚಲಿಸುವುದು ಕಣ್ಣಿಗೇ ಕಾಣುತ್ತದೆ.

ಡೈನೋ ಬರುವುದು ಹೆಚ್ಚಾಗಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ಟ್ಯಾಂಕಿನಲ್ಲಿ. ಅಂದರೆ ಅತಿ ಶುದ್ಧ ಮಾಡಲು ಹೋದಲ್ಲಿ. ಇಲ್ಲಿ ನೀರು ಬದಲಿಸುತ್ತಾ ಹೋದರೆ ಇನ್ನೂ ಹಬ್ಬುತ್ತದೆ. ಫಾಸ್ಫೇಟ್ ಹೀರುವ ಮಾಧ್ಯಮ ತೆಗೆಯಿರಿ, ಆಹಾರ ಸ್ವಲ್ಪ ಜಾಸ್ತಿ ಮಾಡಿ, ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05ರಿಂದ 0.1ರ ನಡುವೆ ಬರಲಿ. ಬೇರೆ ಪಾಚಿ, ಬೇರೆ ಬ್ಯಾಕ್ಟೀರಿಯಾ ಬೆಳೆದು ಇವಕ್ಕೆ ಜಾಗ ಇಲ್ಲದಂತೆ ಮಾಡಬೇಕು. ರಾತ್ರಿ ನೀರಿನಲ್ಲಿ ತೇಲುವ ಜಾತಿಗಳಿಗೆ ಯುವಿ ದೀಪವೂ ನೆರವಾಗುತ್ತದೆ.

ಉದ್ದ ಹಸಿರು ಕೂದಲಿನ ಪಾಚಿ ಬಂದರೆ ಫಾಸ್ಫೇಟ್ ಎಲ್ಲಿಂದ ಬರುತ್ತಿದೆ ನೋಡಿ. ಒಣ ಕಲ್ಲು ಎಷ್ಟೋ ತಿಂಗಳು ಫಾಸ್ಫೇಟ್ ಬಿಡುತ್ತಲೇ ಇರುತ್ತದೆ. ಪಾಚಿಯೇ ಅದನ್ನು ಹೀರಿಕೊಳ್ಳುವುದರಿಂದ ಕಿಟ್‌ನಲ್ಲಿ ಸೊನ್ನೆ ಕಾಣಬಹುದು. ಕೈಯಿಂದ ಕಿತ್ತು ಹೊರಗೆ ಹಾಕುವುದೇ ಮೊದಲ ಮದ್ದು. ಆಮೇಲೆ ಪಾಚಿ ತಿನ್ನುವ ಟರ್ಬೋ ಬಸವನಹುಳು.

ಗುಲಾಬಿ, ನೇರಳೆ ಬಣ್ಣದ ಗಟ್ಟಿ ಚುಕ್ಕೆ ಕಲ್ಲಿನ ಮೇಲೆ ಬಂದರೆ ಖುಷಿ ಪಡಿ, ಅದು ಕೊರಲೈನ್ ಪಾಚಿ. ಗಾಜಿನ ಮೇಲೆ ಓಡಾಡುವ ಬಿಳಿ ಚುಕ್ಕೆಗಳೂ ಒಳ್ಳೆಯವೇ, ಮೀನಿಗೆ ಆಹಾರವಾಗುವ ಕೋಪೆಪಾಡ್‌ಗಳು. ಕಂದು ಬಣ್ಣದ ಪುಟ್ಟ ಅನಿಮೋನ್ (ಕಲ್ಲಿಗೆ ಅಂಟಿ ಹೂವಿನಂತೆ ಕಾಣುವ ಜೀವಿ) ಕಂಡರೆ ಮಾತ್ರ ಎಚ್ಚರ. ಅದು ಐಪ್ಟೇಸಿಯಾ ಅನ್ನುವ ಬೇಡದ ಜಾತಿ ಆಗಿರಬಹುದು. ಕಿತ್ತರೆ, ಕತ್ತರಿಸಿದರೆ ತುಂಡು ತುಂಡೂ ಹೊಸದಾಗಿ ಬೆಳೆಯುತ್ತದೆ.

ಪಿಎಚ್ ಕಡಿಮೆ

7.8ರಿಂದ 8.4ರ ಒಳಗಿದ್ದರೆ ಬಿಟ್ಟುಬಿಡಿ. ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು ಇರುವುದು ಸಹಜ. ಅದಕ್ಕಿಂತ ಕೆಳಗೆ ಇದ್ದರೆ ಮೊದಲು ಆಲ್ಕಲಿನಿಟಿ ಅಳೆಯಿರಿ. 8ರಿಂದ 11 ಡಿಕೆಎಚ್ (ಆಲ್ಕಲಿನಿಟಿಯ ಮಾನ) ಇದ್ದೂ ಪಿಎಚ್ ಕೆಳಗಿದೆ ಅಂದರೆ ಮನೆಯೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಇದು ತೀರಾ ಸಾಮಾನ್ಯ. ಒಂದು ಲೋಟ ಟ್ಯಾಂಕಿನ ನೀರನ್ನು ಮನೆಯ ಹೊರಗೆ ಒಯ್ದು ಏರ್ ಪಂಪ್‌ನಿಂದ ಒಂದು ಗಂಟೆ ಗಾಳಿ ಊದಿ, ಮತ್ತೆ ಅಳೆಯಿರಿ. ಪಿಎಚ್ ಏರಿದರೆ ಕಾರಣ ಸಿಕ್ಕಿತು. ಕಿಟಕಿ ತೆರೆಯಿರಿ, ಇಲ್ಲವೇ ಸ್ಕಿಮ್ಮರ್‌ನ ಗಾಳಿ ಕೊಳವೆಯನ್ನು ಹೊರಗಿನ ತನಕ ಎಳೆಯಿರಿ. ಪಿಎಚ್ ಏರಿಸುವ ಪುಡಿ ಹಾಕುತ್ತಾ ಹೋದರೆ ಆಲ್ಕಲಿನಿಟಿ ಮಿತಿ ಮೀರುತ್ತದೆ, ಪಿಎಚ್ ಮತ್ತೆ ಅಲ್ಲಿಗೇ ಇಳಿಯುತ್ತದೆ.

ಸ್ಕಿಮ್ಮರ್, ಗುಳ್ಳೆ, ನೆಲದ ಮೇಲೆ ನೀರು

ಹೊಸ ಸ್ಕಿಮ್ಮರ್ ಮೊದಲ ಒಂದೆರಡು ವಾರ ಉಕ್ಕುತ್ತದೆ, ಇಲ್ಲವೇ ನೊರೆಯೇ ಕೊಡುವುದಿಲ್ಲ. ಒಳಗಿನ ಪ್ಲಾಸ್ಟಿಕ್ ಮೇಲೆ ಸಣ್ಣ ಜೈವಿಕ ಪದರ ಕಟ್ಟಬೇಕು. ಎರಡು ಮೀನಿರುವ ಟ್ಯಾಂಕಿನಲ್ಲಿ ಅದಕ್ಕೆ ಕೆಲಸವೂ ಕಡಿಮೆ. ಚೆನ್ನಾಗಿ ನಡೆಯುತ್ತಿದ್ದದ್ದು ನೊರೆ ನಿಲ್ಲಿಸಿದರೆ ಗಾಳಿ ಒಳಗೆ ಹೋಗುವ ತೂತಿನಲ್ಲಿ ಉಪ್ಪು ಕಟ್ಟಿರುತ್ತದೆ. ಬಿಸಿನೀರು ಎಳೆಸಿದರೆ ಬಿಡುತ್ತದೆ. ಇದ್ದಕ್ಕಿದ್ದಂತೆ ಉಕ್ಕಿದರೆ ಔಷಧಿ ಹಾಕಿದಿರಾ, ಹವಳ ಅಂಟಿಸುವ ಎಪಾಕ್ಸಿ ಬಳಸಿದಿರಾ, ಟ್ಯಾಂಕಿನ ಕೆಳಗೆ ಇಡುವ ಎರಡನೇ ತೊಟ್ಟಿಯಾದ ಸಂಪ್‌ನಲ್ಲಿ ನೀರಿನ ಮಟ್ಟ ಏರಿದೆಯಾ ಅಂತ ನೋಡಿ. ಟ್ಯಾಂಕಿನ ತುಂಬ ಸಣ್ಣ ಗುಳ್ಳೆ ಓಡಾಡುತ್ತಿದ್ದರೆ ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್ ಇರುವ ತೊಟ್ಟಿಯ ಭಾಗದಲ್ಲಿ ನೀರು ಕಡಿಮೆಯಾಗಿದೆ, ಪಂಪ್ ಗಾಳಿ ಎಳೆಯುತ್ತಿದೆ.

ಕರೆಂಟ್ ಹೋದಾಗ ನೆಲ ಒದ್ದೆಯಾಗುತ್ತದೆಯೇ? ಪಂಪ್ ನಿಂತ ಕೂಡಲೇ ರಿಟರ್ನ್ ಪೈಪು ಸೈಫನ್ ಆಗಿ ಮೇಲಿನ ನೀರನ್ನು ಸಂಪ್‌ಗೆ ಇಳಿಸುತ್ತದೆ. ಪೈಪಿನ ಬಾಯಿ ಮೇಲ್ಮೈಗೆ ತೀರಾ ಹತ್ತಿರ ಇರಲಿ, ಅಥವಾ ಮೇಲ್ಮೈಯ ಸ್ವಲ್ಪ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ. ಆ ತೂತು ಉಪ್ಪಿನಿಂದ, ಪಾಚಿಯಿಂದ ಮುಚ್ಚದಂತೆ ನೋಡಿಕೊಳ್ಳಿ. ನೀವು ಮನೆಯಲ್ಲಿರುವಾಗಲೇ ಸ್ವಿಚ್ ಆರಿಸಿ, ಸಂಪ್ ಎಲ್ಲಿಯವರೆಗೆ ತುಂಬುತ್ತದೆ ನೋಡಿ ಗುರುತು ಹಾಕಿ. ಪ್ಲಗ್‌ಗೆ ಹೋಗುವ ಪ್ರತಿ ತಂತಿಯೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಲಿ, ಹನಿ ಅಲ್ಲೇ ಬೀಳುತ್ತದೆ. ನೀರಿಗೆ ಕೈ ಹಾಕಿದಾಗ ಜುಮ್ಮೆಂದರೆ ತಡ ಮಾಡದೆ ಎಲ್ಲವನ್ನೂ ಮುಖ್ಯ ಸ್ವಿಚ್‌ನಲ್ಲಿ ಆರಿಸಿ. ಸೋರಿಕೆಗೆ ತಾನೇ ಆಫ್ ಆಗುವ ಸುರಕ್ಷಾ ಸ್ವಿಚ್ ಇಲ್ಲದೆ ಉಪ್ಪುನೀರಿನ ಟ್ಯಾಂಕ್ ನಡೆಸಬೇಡಿ.

ತಂದ ಜೀವಿ ಒಂದೆರಡು ದಿನದಲ್ಲೇ ಸಾಯುತ್ತಿದೆ

ಮೀನು ಮಾರುವವರು ಎಷ್ಟೋ ಕಡೆ ರೋಗ ತಡೆಯಲು ಸಲಿನಿಟಿ ಕಡಿಮೆ ಇಟ್ಟಿರುತ್ತಾರೆ. ಚೀಲದ ನೀರನ್ನು ಅಳೆಯದೆ ಬಿಟ್ಟರೆ ಬಸವನಹುಳು, ಸೀಗಡಿ, ಏಡಿ ಮೊದಲು ಹೋಗುತ್ತವೆ. ಮೀನಿನಂತೆ ಮೈಯೊಳಗಿನ ಉಪ್ಪನ್ನು ಹೊಂದಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಹನಿ ಹನಿಯಾಗಿ ಟ್ಯಾಂಕಿನ ನೀರು ಸೇರಿಸುತ್ತಾ ಒಂದು ಗಂಟೆ ಹೊಂದಿಸಿ.

ಆದರೆ ದೂರದಿಂದ ಬಂದ, ಗಂಟೆಗಟ್ಟಲೆ ಚೀಲದಲ್ಲಿದ್ದ ಮೀನಿಗೆ ಇದೇ ಕ್ರಮ ಅಪಾಯ. ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ತೆರೆದ ಕೂಡಲೇ ಪಿಎಚ್ ಏರಿ ಅದು ವಿಷವಾಗುತ್ತದೆ. ಇಂಥ ಮೀನಿಗೆ ಕ್ವಾರಂಟೈನ್ ಟ್ಯಾಂಕಿನ (ಹೊಸ ಇಲ್ಲವೇ ರೋಗದ ಮೀನನ್ನು ಬೇರೆಯಾಗಿ ಇಡುವ ಟ್ಯಾಂಕ್) ಸಲಿನಿಟಿಯನ್ನೇ ಮೊದಲು ಚೀಲಕ್ಕೆ ಸರಿಯಾಗಿ ಹೊಂದಿಸಿಟ್ಟು, ಉಷ್ಣತೆ ಸಮವಾದ ಮೇಲೆ ಮೀನನ್ನು ಮಾತ್ರ ಬೇಗ ದಾಟಿಸಿ. ಚೀಲದ ನೀರು ಟ್ಯಾಂಕಿಗೆ ಬೇಡ.

ಮೀನು ಚೆನ್ನಾಗಿದ್ದು ಬಸವನಹುಳು, ಸೀಗಡಿಗಳೇ ಸಾಯುತ್ತಿದ್ದರೆ ಲೋಹ ಹುಡುಕಿ. ಪಂಪಿನ, ಗಾಜು ಉಜ್ಜುವ ಸಾಧನದ ಮ್ಯಾಗ್ನೆಟ್ ಬಿರುಕು ಬಿಟ್ಟು ಉಬ್ಬಿದೆಯಾ, ಪೈಪಿನ ಕ್ಲಿಪ್ ತುಕ್ಕು ಹಿಡಿದಿದೆಯಾ, ಹಿಂದೆ ತಾಮ್ರದ ಔಷಧಿ ಹಾಕಿದ್ದ ಕಲ್ಲು ಬಂದಿದೆಯಾ ನೋಡಿ.

ಮೈ ಮೇಲೆ ಬಿಳಿ ಚುಕ್ಕೆ

ಮೊದಲು ಚುಕ್ಕೆಯನ್ನು ಗುರುತಿಸಿ. ಒಂದೆರಡು ಗಂಟೆಯಲ್ಲಿ ಮಾಯವಾದರೆ ಅಂಟಿದ್ದ ಮರಳು. ರೆಕ್ಕೆಯ ಅಂಚಿನಲ್ಲಿ ಗಡ್ಡೆಗಟ್ಟಿದಂತಿದ್ದರೆ ಲಿಂಫೋಸಿಸ್ಟಿಸ್, ವೈರಸ್‌ನಿಂದ ಬರುವಂಥದ್ದು, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಉಪ್ಪಿನ ಹರಳಿನಷ್ಟು ಚುಕ್ಕೆಗಳು ಬಿಡಿ ಬಿಡಿಯಾಗಿದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಕ್ರಿಪ್ಟೊಕ್ಯಾರಿಯಾನ್ ಅನ್ನುವ ಪರಾವಲಂಬಿ, ಇದನ್ನೇ ಮರೈನ್ ಇಕ್ ಅನ್ನುವುದು. ಅದಕ್ಕಿಂತ ಸಣ್ಣ, ದೂಳಿನಂಥ ಹೊಳಪು ಪದರ, ಜೋರು ಉಸಿರಾಟ, ಆಹಾರ ಬಿಟ್ಟಿರುವುದು ಕಂಡರೆ ವೆಲ್ವೆಟ್ ಅನ್ನುವ ಇನ್ನೊಂದು ಪರಾವಲಂಬಿ ರೋಗ. ವೆಲ್ವೆಟ್ ದಿನಗಳಲ್ಲಿ ಕೊಲ್ಲುತ್ತದೆ, ಅದಕ್ಕೆ ಅದೇ ದಿನ ಚಿಕಿತ್ಸೆ ಬೇಕು. ಕ್ಲೌನ್ ಮೀನಿನ ಮೈಯಿಂದ ಲೋಳೆ, ಚರ್ಮ ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಅನ್ನುವ ಪರಾವಲಂಬಿ. ಅದಕ್ಕೆ ತಾಮ್ರ ನಾಟುವುದಿಲ್ಲ, ಫಾರ್ಮಲಿನ್ ಸ್ನಾನ ಬೇಕು.

ಇಕ್ ವಿಷಯದಲ್ಲಿ ಮೋಸ ಮಾಡುವುದು ಅದರ ಜೀವನಚಕ್ರ. ಕೆಲವು ದಿನ ಮೀನಿನ ಮೈಯಲ್ಲಿದ್ದು, ಉದುರಿ, ಕಲ್ಲು ಮರಳಿಗೆ ಅಂಟಿ ಗೂಡು ಕಟ್ಟಿಕೊಳ್ಳುತ್ತದೆ. ಆಗ ಮೀನು ಗುಣವಾದಂತೆ ಕಾಣುತ್ತದೆ. ಆ ದಿನ ಹಾಕಿದ ಔಷಧಿಗೆ ಹೆಸರು ಬರುತ್ತದೆ. ಆಮೇಲೆ ಒಂದೊಂದು ಗೂಡಿನಿಂದ ನೂರಾರು ಮರಿ ಹೊರಟು ಮತ್ತೆ ಮೀನು ಹುಡುಕುತ್ತವೆ. ಔಷಧಿ ತಾಗುವುದು ಈ ಈಜುವ ಹಂತಕ್ಕೆ ಮಾತ್ರ.

ಹಾಗಾಗಿ ಎಲ್ಲ ಮೀನನ್ನೂ ಬೇರೆ ಟ್ಯಾಂಕಿಗೆ ತೆಗೆಯಲೇಬೇಕು. ಚುಕ್ಕೆ ಇಲ್ಲದ ಮೀನನ್ನೂ ಸೇರಿಸಿ. ಅಲ್ಲಿ ಕಲ್ಲು, ಮರಳು ಬೇಡ, ಅವು ತಾಮ್ರ ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ತಾಮ್ರದ ಔಷಧಿಗಳು ಬೇರೆ ಬೇರೆ ಬಗೆ, ಒಂದರ ಪ್ರಮಾಣ ಇನ್ನೊಂದಕ್ಕೆ ಸಲ್ಲದು. ಆ ಔಷಧಿಗೆ ಹೊಂದುವ ತಾಮ್ರದ ಕಿಟ್ ಇಟ್ಟುಕೊಂಡು, ಚೀಟಿಯಲ್ಲಿ ಹೇಳಿದ ಮಟ್ಟವನ್ನು ಹೇಳಿದಷ್ಟು ದಿನವೂ ಬಿಡದೆ ಕಾಯ್ದುಕೊಳ್ಳಿ. ತಾಮ್ರ ಬೇಡ ಅನ್ನುವವರಿಗೆ ಸಾಪೇಕ್ಷ ಸಾಂದ್ರತೆಯನ್ನು 1.009ಕ್ಕೆ ಇಳಿಸುವ ವಿಧಾನ ಇದೆ. ಅದು ಇಕ್‌ಗೆ ಮಾತ್ರ, ವೆಲ್ವೆಟ್‌ಗೆ ಕೆಲಸ ಮಾಡುವುದಿಲ್ಲ. 1.009 ಅಂದರೆ 1.009, 1.012 ಅಲ್ಲ. ರಿಫ್ರಾಕ್ಟೋಮೀಟರ್ ಸರಿಯಾಗಿ ಹೊಂದಿಸದವರು ಇದಕ್ಕೆ ಕೈ ಹಾಕಬಾರದು.

ದೊಡ್ಡ ಟ್ಯಾಂಕ್ ಮೀನಿಲ್ಲದೆ ಇರಲಿ. ಹವಳ, ಬಸವನಹುಳು, ಏಡಿ ಅಲ್ಲೇ ಇರಬಹುದು, ಇಕ್ ಅವುಗಳ ಮೈಯಲ್ಲಿ ಬದುಕುವುದಿಲ್ಲ. ಗೂಡುಗಳು ಒಡೆಯಲು ಕೆಲವು ಸಲ ಬಹಳ ದಿನ ಹಿಡಿಯುವುದರಿಂದ 76 ದಿನ ಖಾಲಿ ಬಿಡುವುದು ಈ ಹವ್ಯಾಸದಲ್ಲಿ ರೂಢಿ. ಬ್ಯಾಕ್ಟೀರಿಯಾ ಹಸಿದು ಸಾಯದಂತೆ ವಾರಕ್ಕೆ ಒಂದೆರಡು ಸಲ ಚಿಟಿಕೆ ಆಹಾರ ಹಾಕಿ. ಈ ನಡುವೆ ಒಂದು ಹೊಸ ಮೀನು ಬಿಟ್ಟರೂ ಎಣಿಕೆ ಮೊದಲಿನಿಂದ ಶುರು. ಎರಡು ಟ್ಯಾಂಕಿಗೂ ಬಲೆ, ಪೈಪು, ಬಕೆಟ್ ಬೇರೆ ಬೇರೆ ಇರಲಿ, ಮೊದಲು ದೊಡ್ಡ ಟ್ಯಾಂಕಿನ ಕೆಲಸ ಮುಗಿಸಿ ಆಮೇಲೆ ಕ್ವಾರಂಟೈನ್ ಕಡೆಗೆ ಹೋಗಿ. ಮೀನನ್ನು ವಾಪಸ್ ತರುವ ಮುಂಚೆ ಕಾರ್ಬನ್ (ಸಕ್ರಿಯ ಇದ್ದಿಲು) ಹಾಕಿ, ನೀರು ಬದಲಿಸಿ ತಾಮ್ರವನ್ನು ಪೂರ್ತಿ ತೆಗೆಯಿರಿ. ಒಂದೆರಡು ವಾರ ಔಷಧಿಯಿಲ್ಲದ ನೀರಿನಲ್ಲಿ ಇಟ್ಟು ಚುಕ್ಕೆ ಮರಳುತ್ತದೆಯಾ ನೋಡಿ. ಬರದಿದ್ದರೆ ಎರಡೂ ಟ್ಯಾಂಕಿನ ಸಲಿನಿಟಿ ಸಮ ಮಾಡಿಕೊಂಡು ಮೀನುಗಳನ್ನು ದಾಟಿಸಿ.